ತೋನ್ಸೆಪಾರಿಗೆ ಮಾಲ್ದೀವ್ಸಿನ ವೇಷ ಬೇಡ

ಕರಾವಳಿಯ ಯಾವ ಸಭೆಗಾದರೂ ಹೋಗಿ ಕುಳಿತು ನೋಡಿ. ಯಕ್ಷಗಾನ ಸಪ್ತಾಹದ ಉದ್ಘಾಟನೆಯಿರಲಿ, ಸಹಕಾರಿ ಸಂಘದ ಮಹಾಸಭೆಯಿರಲಿ, ಯುವಕ ಮಂಡಲದ ಬೆಳ್ಳಿಹಬ್ಬವಿರಲಿ, ಮೈಕ್ ಹಿಡಿದ ಮುಖ್ಯ ಅತಿಥಿ ಹತ್ತು ನಿಮಿಷದೊಳಗೆ ಕಡಲಿಗೆ ಬಂದೇ ಬರುತ್ತಾರೆ. ನಮ್ಮಲ್ಲಿ ಇಷ್ಟು ಚೆಂದದ ದ್ವೀಪವಿದೆ, ಅದನ್ನು ಸರಿಯಾಗಿ ಅಭಿವೃದ್ಧಿ ಮಾಡಿದರೆ ಮಾಲ್ದೀವ್ಸಿಗೆ ಯಾರು ಹೋಗುತ್ತಾರೆ ಎಂದು ಕೇಳುತ್ತಾರೆ. ಚಪ್ಪಾಳೆ ಬೀಳುತ್ತದೆ. ಮರುದಿನದ ಪತ್ರಿಕೆಯಲ್ಲಿ ಎರಡು ಕಾಲಂ ಸುದ್ದಿಯೂ ಆಗುತ್ತದೆ. 2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪದ ಚಿತ್ರಗಳು ಬಂದು, ಮಾಲ್ದೀವ್ಸ್ ಬಹಿಷ್ಕಾರದ ಕೂಗೆದ್ದ ಮೇಲೆ ಈ ಮಾತಿಗೆ ದೇಶಭಕ್ತಿಯ ಬಣ್ಣವೂ ಹತ್ತಿದೆ. ಈಗ ಮಲ್ಪೆಯೆದುರಿನ ದ್ವೀಪದಲ್ಲಿ ಜಲಕ್ರೀಡೆ, ರೆಸ್ಟೋರೆಂಟ್, ಟೆಂಟು, ರೋಪ್‌ವೇ ಬೇಡ ಎನ್ನುವವನು ಊರಿಗೆ ಮಾತ್ರವಲ್ಲ, ದೇಶಕ್ಕೂ ಬೇಡವಾದವನು.

ಆಡಳಿತ ಪಕ್ಷ, ವಿರೋಧ ಪಕ್ಷ, ಹೋಟೆಲಿನವರು, ಪತ್ರಿಕೆಯವರು, ರೀಲ್ಸ್ ಮಾಡುವ ಹುಡುಗರು, ನಿವೃತ್ತ ಅಧ್ಯಾಪಕರು ಎಲ್ಲರೂ ಒಪ್ಪಿಕೊಂಡ ಅಭಿಪ್ರಾಯ ಇದೊಂದೇ ಇರಬೇಕು. ಎಲ್ಲರೂ ಇಷ್ಟು ಸಲೀಸಾಗಿ ಒಪ್ಪಿದ್ದನ್ನು ಒಮ್ಮೆಯಾದರೂ ತಿರುಗಿಸಿ ನೋಡುವುದು ಬೇಡವೆ? ನಾನು ನೋಡಿದ ಮಟ್ಟಿಗೆ ಇದು ಅಜ್ಞಾನದಿಂದ ಹುಟ್ಟಿ, ದುರಾಸೆಯಿಂದ ಬೆಳೆದು, ಸೋಮಾರಿತನದಿಂದ ಉಳಿದುಕೊಂಡಿರುವ ಅಭಿಪ್ರಾಯ. ಇದನ್ನು ಹೀಗೇ ಬಿಟ್ಟರೆ ನಾವು ಕಳೆದುಕೊಳ್ಳುವುದನ್ನು ಯಾವ ಬಜೆಟ್ಟಿನಿಂದಲೂ ಮರಳಿ ತರಲಾಗದು.

ಮೊದಲು ಅಜ್ಞಾನದ ಮಾತು. ಮಾಲ್ದೀವ್ಸ್ ಹವಳ ಕಟ್ಟಿದ ನೆಲ. ಅಲ್ಲಿನ ನೆಲದ ಬಹುಭಾಗ ಸಮುದ್ರಮಟ್ಟದಿಂದ ಒಂದು ಮೀಟರ್ ಕೂಡ ಎತ್ತರವಿಲ್ಲ. ನಾವು ಸೇಂಟ್ ಮೇರೀಸ್ ಎಂದೂ, ಈ ಕಡೆಯ ಹಿರಿಯರು ತೋನ್ಸೆಪಾರ್ ಎಂದೂ ಕರೆಯುವ ದ್ವೀಪ ಬೆಂಕಿಯಿಂದ ಬಂದದ್ದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರೂ ಒಂದೇ ನೆಲವಾಗಿದ್ದವು. ಆ ನೆಲ ಸೀಳುವಾಗ ಕೆಳಗಿನಿಂದ ಕರಗಿದ ಶಿಲೆ ಉಕ್ಕಿ ಬಂತು. ಅಂದು ಅದನ್ನು ಉಕ್ಕಿಸಿದ ಬಿಸಿತಾಣ ಇಂದು ದಕ್ಷಿಣ ಹಿಂದೂ ಮಹಾಸಾಗರದ ಮ್ಯಾರಿಯನ್ ದ್ವೀಪದ ಬಳಿ ಇದೆ ಎನ್ನುತ್ತಾರೆ ಭೂವಿಜ್ಞಾನಿಗಳು. ಮಡಗಾಸ್ಕರ್ ಅತ್ತ ಉಳಿಯಿತು, ನಾವು ಇತ್ತ ಬಂದೆವು. ಆ ಪಾಲುಪಟ್ಟಿಗೆ ಸಾಕ್ಷಿಯಾಗಿ ಉಳಿದದ್ದು ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ದೂರದ ಈ ಕಲ್ಲುಗಳು. ಮಹಾರಾಷ್ಟ್ರದ ಬಹುಭಾಗವನ್ನೂ ನಮ್ಮ ಉತ್ತರ ಕರ್ನಾಟಕದ ಕೆಲಭಾಗವನ್ನೂ ಆವರಿಸಿರುವ ದಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷ ಹಳೆಯದು. ಅದಕ್ಕಿಂತ ಎರಡು ಕೋಟಿ ವರ್ಷ ಹಿರಿದು ಈ ದ್ವೀಪ. ಇದರ ಲಾವಾ ಆರುವಾಗ ಭೂಮಿಯ ಮೇಲೆ ಡೈನೋಸಾರ್‌ಗಳು ಇನ್ನೂ ಓಡಾಡುತ್ತಿದ್ದವು.

ಇನ್ನು ಕಂಬಗಳು. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರಿಯುವುದನ್ನು ಬ್ರಹ್ಮಾವರದ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ದಪ್ಪ ಲಾವಾದ ಹಾಸು ಆರುವಾಗ ಹಾಗೆಯೇ ಕುಗ್ಗಿತು, ಬಿರಿಯಿತು. ಸುತ್ತಲೂ ಒಂದೇ ಸಮನೆ ಕುಗ್ಗುವ ವಸ್ತು ಕಡಿಮೆ ಶ್ರಮದಲ್ಲಿ ಒಡೆಯುವುದು ಮೂರು ಬಿರುಕು ಒಂದೆಡೆ ಕೂಡಿ 120 ಡಿಗ್ರಿಯ ಕೋನ ಮಾಡಿದಾಗ. ಆ ಲೆಕ್ಕ ಪಕ್ಕಾ ಬಂದಲ್ಲಿ ಆರು ಮುಖ, ತುಸು ತಪ್ಪಿದಲ್ಲಿ ಐದು ಅಥವಾ ಏಳು. ಶಾಖ ಹೊರಗೆ ಹೋದಂತೆಲ್ಲ ಬಿರುಕು ಒಳಗೊಳಗೆ ಇಳಿಯುತ್ತ ಹೋಯಿತು, ಕಂಬಗಳು ನಿಂತವು. ಕೆಲವು ಆರು ಮೀಟರಿನಷ್ಟು ಎತ್ತರ ಇವೆ. ಇದನ್ನು ಬಸಾಲ್ಟ್ ಎಂದು ಬರೆದು ಕೈತೊಳೆದುಕೊಳ್ಳುವುದು ರೂಢಿ. ನಿಜದಲ್ಲಿ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್ ಬಳಗದ ಲಾವಾ. ಅಷ್ಟನ್ನಾದರೂ ಸರಿಯಾಗಿ ಬರೆಯಲಾರದವರು ದ್ವೀಪವನ್ನು ಉದ್ಧಾರ ಮಾಡುತ್ತಾರಂತೆ.

ಇದಿಷ್ಟೂ ಇರುವುದು ಎಷ್ಟು ಜಾಗದಲ್ಲಿ? ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪದ ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್. ಒಟ್ಟು ಹನ್ನೆರಡು ಎಕರೆ. ಅತಿ ಎತ್ತರದ ಜಾಗವೂ ಕಡಲಿಂದ ಹತ್ತು ಮೀಟರಿನ ಆಸುಪಾಸು. ಕುಡಿಯುವ ನೀರಿಲ್ಲ, ಜನವಸತಿಯಿಲ್ಲ. ಮರಳಿಗಿಂತ ಚಿಪ್ಪಿನ ಚೂರೇ ಹೆಚ್ಚಿರುವ ದಂಡೆ. ಇಷ್ಟರಲ್ಲಿ ಮಾಲ್ದೀವ್ಸ್ ಕಟ್ಟಬೇಕು! ಒಂದು ಮದುವೆ ಹಾಲ್‌ನ ಪಾರ್ಕಿಂಗಿಗೆ ಸಾಲದ ನೆಲದಲ್ಲಿ ಒಂದು ದೇಶವನ್ನೇ ನಿಲ್ಲಿಸುವ ಕಲೆ ನಮ್ಮ ಭಾಷಣಕಾರರಿಗೆ ಮಾತ್ರ ಒಲಿದಿದೆ.

ಹೋಗಲಿ, ಮಾಲ್ದೀವ್ಸನ್ನಾದರೂ ಇವರು ಪೂರ್ತಿ ನೋಡಿದ್ದಾರೆಯೆ? ನೀಲಿ ನೀರಿನ ಮೇಲಿನ ಮರದ ಕೋಣೆಗಳ ಚಿತ್ರ ಎಲ್ಲರ ಮೊಬೈಲಿನಲ್ಲಿದೆ. ತಿಲಫುಶಿಯ ಚಿತ್ರ ಯಾರ ಮೊಬೈಲಿನಲ್ಲೂ ಇಲ್ಲ. 1990ರ ದಶಕದಿಂದ ರಾಜಧಾನಿ ಮಾಲೆಯ ಮತ್ತು ರೆಸಾರ್ಟ್‌ಗಳ ಕಸ ಸುರಿದು ಸುರಿದು ಲಗೂನೊಂದನ್ನು ತುಂಬಿಸಿ ಮಾಡಿದ ದ್ವೀಪ ಅದು. ನೂರಾರು ದ್ವೀಪಗಳಿರುವ ದೇಶ ಒಂದನ್ನು ಕಸಕ್ಕೆ ಬಿಟ್ಟುಕೊಟ್ಟಿತು. ನಮ್ಮಲ್ಲಿ ಇಂಥದ್ದು ಎಷ್ಟಿವೆ, ಯಾವುದನ್ನು ಬಿಟ್ಟುಕೊಡೋಣ?

ಎರಡನೆಯ ಆರೋಪ ನಮ್ಮ ಶಾಲೆಗಳ ಮೇಲೆ, ನಮ್ಮ ಮನೆಗಳ ಮೇಲೆ. "ಎಂತ ಇತ್ತ್ ಮಾರಾಯ್ರೆ ಅಲ್ಲಿ? ನಾಕ್ ಕಲ್ಲ್, ನಾಕ್ ತೆಂಗಿನ್ ಮರ" ಎನ್ನುವ ಮಾತು ನಮ್ಮ ತಾಲೂಕಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಬ್ರಹ್ಮಾವರದಿಂದ ಮಲ್ಪೆಗೆ ಇಪ್ಪತ್ತು ಕಿಲೋಮೀಟರೂ ಆಗದು. ಹೀಗಿದ್ದೂ ಜ್ವಾಲಾಮುಖಿಯ ಪಾಠ ಬಂದಾಗ ನಮ್ಮ ಮಕ್ಕಳು ಇಟಲಿಯ ವೆಸೂವಿಯಸ್, ಜಪಾನಿನ ಫ್ಯೂಜಿ ಎಂದು ಬಾಯಿಪಾಠ ಮಾಡುತ್ತಾರೆ. ಶಾಲಾ ಪ್ರವಾಸದ ಬಸ್ಸು ಮಲ್ಪೆಗೂ ಹೋಗುತ್ತದೆ. ಮಕ್ಕಳು ದ್ವೀಪದಲ್ಲಿ ಇಳಿಯುತ್ತಾರೆ, ಗ್ರೂಪ್ ಫೋಟೋ ತೆಗೆಸಿಕೊಳ್ಳುತ್ತಾರೆ, ತಿಂಡಿ ತಿನ್ನುತ್ತಾರೆ, ಮರಳುತ್ತಾರೆ. ಲಾವಾ ಆರಿದ ಕಂಬದ ಮೇಲೆ ಕುಳಿತು ಚಿಪ್ಸ್ ತಿಂದು ಬಂದ ಮಗು ಮರುದಿನ ಪರೀಕ್ಷೆಯಲ್ಲಿ ಜ್ವಾಲಾಮುಖಿಗೆ ಉದಾಹರಣೆ ಕೊಡಿ ಎಂದರೆ ಇಟಲಿಗೆ ಹೋಗುತ್ತದೆ. ಯಾರ ತಪ್ಪು?

ದ್ವೀಪದ ಬಗೆಗಿನ ಯಾವ ಕರಪತ್ರವನ್ನು ಬೇಕಾದರೂ ತೆಗೆಯಿರಿ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟನೆಂಬ ಪ್ರತೀತಿ ಮೊದಲ ಸಾಲಿನಲ್ಲೇ ಇರುತ್ತದೆ. ಬಂದು ಹೋದವನಿಗೆ ಒಂದು ಪ್ಯಾರಾ, 8.8 ಕೋಟಿ ವರ್ಷ ಇಲ್ಲೇ ನಿಂತ ಕಲ್ಲಿಗೆ ಅರ್ಧ ಸಾಲು. ಆ ಅರ್ಧ ಸಾಲಿನಲ್ಲೂ 'ಮನಮೋಹಕ', 'ರಮಣೀಯ', 'ಕಣ್ಮನ ಸೆಳೆಯುವ' ಎಂಬ ಮೂರು ಪದಗಳಿಗೆ ಜಾಗ ಮಾಡಿಕೊಡಬೇಕು.

ನಾವು ಯಾರ ಊರಿನವರು ಎಂಬುದನ್ನೂ ನೆನಪಿಸಿಕೊಳ್ಳೋಣ. ಕನ್ನಡದ ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನೂ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ವನ್ನೂ ಬರೆದ ಶಿವರಾಮ ಕಾರಂತರು ಹುಟ್ಟಿದ ಕೋಟ ಇಂದು ಬ್ರಹ್ಮಾವರ ತಾಲೂಕಿನಲ್ಲಿದೆ. ಕೈಗಾ ಅಣುಸ್ಥಾವರದ ವಿರುದ್ಧ ಇಳಿವಯಸ್ಸಿನಲ್ಲಿ ಬೀದಿಗಿಳಿದವರು, 1989ರಲ್ಲಿ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಲೋಕಸಭೆ ಚುನಾವಣೆಗೆ ನಿಂತವರು ಅವರು. ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತೇವೆ, ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅದೇ ವೇದಿಕೆಯಿಂದ ದ್ವೀಪದಲ್ಲಿ ರೆಸಾರ್ಟ್ ಬರಲಿ ಎಂದು ಕರೆ ಕೊಟ್ಟರೆ ಹಾರದ ಹೂವಾದರೂ ನಾಚಬೇಡವೆ?

ಮೂರನೆಯ ಆರೋಪ ಸರಕಾರದ ಮೇಲೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಹಾಗೆ ಗುರುತಿಸಿದ ಜಾಗಗಳು ಕರ್ನಾಟಕದಲ್ಲಿ ನಾಲ್ಕೇ: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗ ಬಳಿಯ ಮರಡಿಹಳ್ಳಿಯ ದಿಂಬು ಲಾವಾ, ಕೋಲಾರ ಚಿನ್ನದ ಗಣಿ ಪ್ರದೇಶದ ಜ್ವಾಲಾಮುಖಿ ಶಿಲೆ, ಮತ್ತು ಇದು. ಹೆಸರು ಘನವಾಗಿದೆ. ಆದರೆ ಈ ಹೆಸರಿನ ಹಿಂದೆ ಕಾನೂನಿನ ಬಲ ಎಷ್ಟಿದೆ? ಗುಡಿ, ಕೋಟೆಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ವಿಧಿಸಬಹುದು. ಭೂವೈಜ್ಞಾನಿಕ ಸ್ಮಾರಕಗಳಿಗೆ ಅಂಥದೊಂದು ಕಾನೂನು ತರಲು 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕರಡು ಮಸೂದೆ ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಕರಡು ಕರಡಾಗಿಯೇ ಕುಳಿತಿತು. ಅದಕ್ಕಾಗಿ ಕರಾವಳಿಯಿಂದ ಒಂದು ಧ್ವನಿಯಾದರೂ ಗಟ್ಟಿಯಾಗಿ ಎದ್ದಿತೆ? ರೋಪ್‌ವೇಗೆ ಮನವಿ ಕೊಡಲು ನಿಯೋಗ ಹೊರಡುವ ಊರಿನಿಂದ ಕಾನೂನಿಗೆ ಒಂದು ಪೋಸ್ಟ್ ಕಾರ್ಡ್ ಕೂಡ ಹೋಗಲಿಲ್ಲ.

2019ರ ಫೆಬ್ರವರಿಯಲ್ಲಿ ಹಂಪಿಯ ಕಲ್ಲುಕಂಬ ಬೀಳಿಸಿದ ವಿಡಿಯೊ ಹರಿದಾಡಿದಾಗ ನಾಡೆಲ್ಲ ಕೆರಳಿತು. ನಾಲ್ವರು ಯುವಕರು ಸಿಕ್ಕಿಬಿದ್ದರು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಸರಿಯಾದ ತೀರ್ಪು. ಆದರೆ ಆ ಕಂಬ ಮನುಷ್ಯ ಕೆತ್ತಿದ್ದು. ಬಿದ್ದರೆ ನಿಲ್ಲಿಸಬಹುದು, ಮುರಿದರೆ ಶಿಲ್ಪಿ ಇನ್ನೊಂದು ಕೆತ್ತಬಹುದು. ತೋನ್ಸೆಪಾರಿನ ಕಂಬವೊಂದು ಮುರಿದರೆ ಯಾರನ್ನು ಕರೆಯುತ್ತೀರಿ? ಲಾವಾ ಕಾಯಿಸಿ ಎರೆಯುವ ಟೆಂಡರನ್ನು ಯಾವ ಇಲಾಖೆ ಕರೆಯುತ್ತದೆ?

ಮುರಿಯುವುದೆಂದರೆ ಸುತ್ತಿಗೆ ಹಿಡಿದು ಯಾರೋ ಬರುತ್ತಾರೆ ಎಂದಲ್ಲ. ದ್ವೀಪದ ಒಂದು ಕಂಬದ ತಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಿ. ಅಂಗೈ ಅಗಲದ ಮುಖಗಳು, ನಡುವೆ ತುಸು ತಗ್ಗು. ತಗ್ಗಿನಲ್ಲಿ ಉಬ್ಬರದ ನೀರು ನಿಂತು ಆರಿ ಉಪ್ಪಿನ ಬಿಳಿ ಗೆರೆ. ಬದಿಯಲ್ಲಿ ಬೆರಳ ತುದಿಗಿಂತ ಚಿಕ್ಕ ಶಂಖುಹುಳುಗಳು ಒತ್ತೊತ್ತಾಗಿ ಅಂಟಿರುತ್ತವೆ, ನೆರಳು ಬಿದ್ದರೆ ಏಡಿಮರಿಯೊಂದು ಬಿರುಕಿನೊಳಗೆ ಸರ್ರನೆ ಸರಿಯುತ್ತದೆ. ಅದೇ ಬಿರುಕಿನಲ್ಲಿ ಸೋಡಾ ಬಾಟಲಿಯ ಮುಚ್ಚಳ, ಗುಟ್ಕಾ ಚೀಟಿ, ಐಸ್‌ಕ್ರೀಮಿನ ಕಡ್ಡಿ. ಪಕ್ಕದ ಮುಖದ ಮೇಲೆ ಯಾರದೋ ಹೆಸರು, ಒಂದು ಅಧಿಕ ಚಿಹ್ನೆ, ಇನ್ಯಾರದೋ ಹೆಸರು. ಇದನ್ನು ಬರೀ ಕೊಳಕೆಂದು ತಿಳಿಯಬೇಡಿ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ ಇಂಥದೇ ಸುಮಾರು 40,000 ಕಂಬಗಳಿವೆ. 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದ ಜಾಗ. ಅಲ್ಲಿಗೆ ಬಂದವರು ಹರಕೆಯೋ ಹುಡುಗಾಟವೋ, ಕಂಬಗಳ ಸಂದಿಗೆ ನಾಣ್ಯ ತುರುಕುತ್ತ ಬಂದರು. ಕಡಲಗಾಳಿಗೆ ನಾಣ್ಯ ತುಕ್ಕು ಹಿಡಿಯಿತು, ಉಬ್ಬಿತು, ಕಲ್ಲಿನ ಅಂಚನ್ನು ಸಿಡಿಸಿತು. 2025ರಲ್ಲಿ ಅಲ್ಲಿನ ನ್ಯಾಷನಲ್ ಟ್ರಸ್ಟ್ ದಮ್ಮಯ್ಯ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು. ಒಂದು ನಾಣ್ಯ ಮಾಡುವುದನ್ನು ಒಂದು ಬಾಟಲಿ ಮುಚ್ಚಳ ಮಾಡಲಾರದೆ? ಹೊಟ್ಟೆಪಾಡಿನ ಕಳ್ಳನೊಬ್ಬ ದ್ವೀಪದಿಂದ ಒಂದು ಕಲ್ಲು ಹೊತ್ತೊಯ್ದರೆ ಹಿಡಿದು ಹೊಡೆಯುತ್ತೇವೆ. ವರ್ಷಕ್ಕೆ ಲಕ್ಷ ಪಾದಗಳು, ಲಕ್ಷ ಮುಚ್ಚಳಗಳು ಅದೇ ಕಲ್ಲನ್ನು ಸವೆಸಿ ಸಿಡಿಸಿದರೆ ಪ್ರವಾಸೋದ್ಯಮದ ಪ್ರಗತಿ ಎಂದು ವರದಿ ಬರೆಯುತ್ತೇವೆ.

ನಾಲ್ಕನೆಯದು ಜೀವದ ಪ್ರಶ್ನೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ದ್ವೀಪದ ಬಂಡೆಯಿಂದ ನೀರಿಗೆ ಬಿದ್ದು ಸತ್ತರು. ಸೆಲ್ಫಿ ಹುಚ್ಚು ಎಂದು ಎಲ್ಲರೂ ಷರಾ ಬರೆದು ಮುಗಿಸಿದರು. ಸತ್ತ ಮಕ್ಕಳ ಮೇಲೆ ತಪ್ಪು ಹೊರಿಸುವುದಕ್ಕಿಂತ ಸುಲಭದ ಕೆಲಸ ಯಾವುದಿದೆ? ಆದರೆ ಇದು ಸೆಲ್ಫಿಗೆ ಹೇಳಿ ಮಾಡಿಸಿದ ಜಾಗ ಎಂದು ಅವರಿಗೆ ಮಾರಿದವರು ಯಾರು? ಕಂಬದ ಬಂಡೆ ಕಡಲಿನ ಕಡೆ ಮೆಟ್ಟಿಲಿನ ಹಾಗೆ ಇಳಿಯುತ್ತದೆ, ಕೆಳಮೆಟ್ಟಿಲಿನಲ್ಲಿ ಪಾಚಿ ಹಿಡಿದಿರುತ್ತದೆ, ಏಳು ಅಲೆ ಸುಮ್ಮನೆ ಬಂದು ಎಂಟನೆಯದು ಎದೆಮಟ್ಟ ಬರುತ್ತದೆ. ಇದು ಮಲ್ಪೆಯ ಹತ್ತು ವರ್ಷದ ಮೊಗವೀರ ಹುಡುಗನಿಗೂ ಗೊತ್ತು. ಬಯಲುಸೀಮೆಯಿಂದ ಮೊದಲ ಸಲ ಕಡಲು ನೋಡಲು ಬಂದವರಿಗೆ ಹೇಗೆ ಗೊತ್ತಾಗಬೇಕು? 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ತೀರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಪ್ರತಿ ಸಾವಿನ ಮರುವಾರ ಹಗ್ಗ, ಕೆಂಪು ಬಾವುಟ, ಎರಡು ದಿನದ ನಿಷೇಧ. ಆಮೇಲೆ ರಜೆ ಬರುತ್ತದೆ, ಬಸ್ಸುಗಳು ಬರುತ್ತವೆ, ಹಗ್ಗ ಸಡಿಲವಾಗುತ್ತದೆ. ಹೆಚ್ಚು ಜನ ಬಂದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.

ಐದನೆಯದು ದುಡ್ಡಿನ ಮಾತು. ಅಭಿವೃದ್ಧಿಯ ಪರ ವಾದಿಸುವವರ ಕೊನೆಯ ಅಸ್ತ್ರ ಇದು. ನಮ್ಮ ಹುಡುಗರು ಬೆಂಗಳೂರು, ಮುಂಬೈ, ದುಬೈ ಎಂದು ಊರು ಬಿಡುತ್ತಿದ್ದಾರೆ, ಇಲ್ಲೇ ಕೆಲಸ ಬೇಡವೆ? ಬೇಕು. ಆದರೆ ಜನಜಾತ್ರೆಯ ಪ್ರವಾಸೋದ್ಯಮ ಕೊಡುವ ಕೆಲಸ ಎಂಥದ್ದು? ಟಿಕೆಟ್ ಹರಿಯುವುದು, ಪಾರ್ಕಿಂಗಿನಲ್ಲಿ ಸೀಟಿ ಊದುವುದು, ಕಸ ಹೆಕ್ಕುವುದು. ಕಡಲಿನ ಒಳಹರಿವು, ಗಾಳಿಯ ದಿಕ್ಕು, ಬಂಡೆಯ ಸ್ವಭಾವ ತಲೆಮಾರಿನಿಂದ ಬಲ್ಲವರ ಮಕ್ಕಳಿಗೆ ನಾವು ಕೊಡುವ ಬಡ್ತಿ ಇದು. ಅವರ ಅರಿವಿಗೆ ಚಿಕ್ಕಾಸಿನ ಬೆಲೆಯಿಲ್ಲ, ಅವರ ರಟ್ಟೆಗೆ ದಿನಗೂಲಿ. ಜಾತ್ರೆ ಬಿಟ್ಟುಹೋದ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ? ಬಲೆ ಎಳೆಯುವವರನ್ನು ಕೇಳಿ, ತೋರಿಸುತ್ತಾರೆ.

ಕಡಲಿಗೂ ಈ ಯೋಜನೆಗಳಿಗೂ ಮಾತುಕತೆಯೇ ಆಗಿಲ್ಲ. ಮಳೆಗಾಲ ಕಟ್ಟಿತೆಂದರೆ ದ್ವೀಪಕ್ಕೆ ಬೋಟು ಹೋಗುವುದಿಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಯೇ ಬಂದ್. 2022ರ ಮೇ ತಿಂಗಳಲ್ಲಿ ಮಲ್ಪೆ ತೀರದಲ್ಲಿ ತೇಲು ಸೇತುವೆಯನ್ನು ರಾಜ್ಯದಲ್ಲೇ ಮೊದಲನೆಯದೆಂದು ಸಂಭ್ರಮದಿಂದ ಉದ್ಘಾಟಿಸಿದರು. ರಿಬ್ಬನ್ ಕತ್ತರಿಸಿ ಕೆಲವೇ ದಿನಗಳಾಗಿತ್ತು, ಕಡಲು ಏರಿಬಂದು ಅದರ ತುಂಡುಗಳನ್ನು ದಡಕ್ಕೆ ಒಗೆಯಿತು. ಮೇ ತಿಂಗಳಲ್ಲಿ ಕಡಲು ಹೇಗಿರುತ್ತದೆಂದು ಕೇಳಲು ಪರಿಣತರ ಸಮಿತಿ ಬೇಕಿರಲಿಲ್ಲ. ದಕ್ಕೆಯಲ್ಲಿ ಬಲೆ ಹೆಣೆಯುತ್ತ ಕುಳಿತ ಯಾವ ಅಜ್ಜನೂ ಹೇಳುತ್ತಿದ್ದ. ತೀರದಲ್ಲಿ ಆದದ್ದು ಹಣದ ನಷ್ಟ. ಇದೇ ಬುದ್ಧಿ ದ್ವೀಪಕ್ಕೆ ಜೆಟ್ಟಿ, ಗೋಡೆ, ಕಾಂಕ್ರೀಟು ಹೊತ್ತುಕೊಂಡು ಹೋದರೆ ಬಿಚ್ಚಿ ಬೀಳುವುದು ಸೇತುವೆಯಾಗಿರುವುದಿಲ್ಲ.

ನಿಯಮಗಳಿವೆಯಲ್ಲ, ಯಾರೂ ಮನಬಂದಂತೆ ಕಟ್ಟುವಂತಿಲ್ಲವಲ್ಲ ಎನ್ನುವವರಿದ್ದಾರೆ. ನಿಯಮ ನೋಡೋಣ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಮುಖ್ಯಭೂಮಿಗೆ ಹತ್ತಿರದ ದ್ವೀಪಗಳಿಗೆ ಇಟ್ಟಿರುವ ನಿರ್ಮಾಣ ನಿಷೇಧ ಪಟ್ಟಿ ಭರತರೇಖೆಯಿಂದ 20 ಮೀಟರ್. ನೂರು ಮೀಟರ್ ಅಗಲದ ದ್ವೀಪದಲ್ಲಿ ಎರಡೂ ಬದಿ ಇಪ್ಪತ್ತಿಪ್ಪತ್ತು ಬಿಟ್ಟರೂ ನಡುವೆ ಅರುವತ್ತು ಉಳಿಯಿತು ಎಂದು ಲೆಕ್ಕ ಹಾಕುವ ಜಾಣರು ನಮ್ಮಲ್ಲಿ ಕಡಿಮೆಯಿಲ್ಲ. ಇದು ಸೂಕ್ಷ್ಮ ಪ್ರದೇಶ, ಪರಂಪರೆಯ ತಾಣ ಎಂದು ನ್ಯಾಯಾಲಯದ ಮುಂದೆ ವಾದಿಸಬಹುದು, ಗೆಲ್ಲಲೂಬಹುದು. ಆದರೆ ತಮ್ಮ ಮನೆಯಂಗಳದ ಆಸ್ತಿಯನ್ನು ಉಳಿಸಿಕೊಳ್ಳಲು ಪ್ರತಿ ಬಾರಿ ಕೋರ್ಟಿನ ಮೆಟ್ಟಿಲು ಹತ್ತಬೇಕಾದ ಜನ ಆಸ್ತಿಯ ಬೆಲೆ ಬಲ್ಲವರೆ?

ಈಗ ಲೋಕ ಏನು ಮಾಡುತ್ತಿದೆ ಎಂದು ಕೇಳಿ. ಮಾಲ್ದೀವ್ಸ್ ಎಂದು ಜಪಿಸುವವರಿಗೆ ಲೋಕದ ಉದಾಹರಣೆ ಇಷ್ಟವಲ್ಲವೆ? ನಮ್ಮದೇ ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. ಪ್ರವಾಸಿ ಅದನ್ನು ಹಡಗಿನಿಂದ ನೋಡಬೇಕು, ಇಳಿಯುವಂತಿಲ್ಲ. 1963ರಲ್ಲಿ ಐಸ್‌ಲೆಂಡಿನ ಕಡಲಿನಿಂದ ಎದ್ದ ಸುರ್ಟ್‌ಸಿ ದ್ವೀಪಕ್ಕೆ ಇಂದಿಗೂ ಸಂಶೋಧಕರಿಗೆ ಮಾತ್ರ ಪ್ರವೇಶ. ಹವಾಯಿಯ ಹನೌಮಾ ಕೊಲ್ಲಿ ಹಳೆಯ ಜ್ವಾಲಾಮುಖಿಯ ಬಾಯಿ. ಅಲ್ಲಿ ನೀರಿಗಿಳಿಯುವ ಮುನ್ನ ಕುಳಿತು ಪಾಠದ ಚಿತ್ರ ನೋಡಲೇಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ವಾರದಲ್ಲಿ ಎರಡು ದಿನ ಬಾಗಿಲು ಮುಚ್ಚಿರುತ್ತದೆ. ಗಲಪಾಗೋಸಿನಲ್ಲಿ ಪರವಾನಿಗೆ ಪಡೆದ ಮಾರ್ಗದರ್ಶಿ ಜೊತೆಗಿಲ್ಲದೆ ರಾಷ್ಟ್ರೀಯ ಉದ್ಯಾನದ ಬಹುಪಾಲು ತಾಣಗಳಲ್ಲಿ ಓಡಾಡುವಂತಿಲ್ಲ. 2024ರ ಆಗಸ್ಟಿನಿಂದ ವಿದೇಶಿಯರ ಪ್ರವೇಶ ಶುಲ್ಕ 100 ಡಾಲರಿನಿಂದ 200ಕ್ಕೆ ಏರಿತು. ಜನ ಬರುವುದು ನಿಂತಿತೆ? ಫಿಲಿಪ್ಪೀನ್ಸಿನ ಬೊರಾಕೇ ಎಂಬ ಜಗತ್ಪ್ರಸಿದ್ಧ ದ್ವೀಪವನ್ನು 2018ರಲ್ಲಿ ಅಲ್ಲಿನ ಸರಕಾರವೇ ಆರು ತಿಂಗಳು ಬೀಗ ಹಾಕಿ ತೊಳೆಯಬೇಕಾಯಿತು. ಮೊದಲು ಹಾಳುಮಾಡಿ ಆಮೇಲೆ ತೊಳೆಯುವ ಪಾಠ ಅವರು ದುಬಾರಿ ಬೆಲೆಗೆ ಕಲಿತರು. ನಮಗೆ ಪುಕ್ಕಟೆ ಸಿಗುತ್ತಿರುವುದನ್ನು ಯಾಕೆ ಕಲಿಯಬಾರದು?

ಮಿತಿ ಹಾಕಿದರೆ ಬಡವರಿಗೆ ದ್ವೀಪ ಇಲ್ಲವಾಗುತ್ತದೆ ಎಂಬ ಕಣ್ಣೀರು ಕೂಡಲೇ ಉಕ್ಕುತ್ತದೆ. ಈ ಕಣ್ಣೀರು ಸುರಿಸುವವರು ಯಾರು ಎಂದು ನೋಡಿ. ರೆಸಾರ್ಟಿಗೆ ಜಾಗ ಹುಡುಕುತ್ತಿರುವವರೇ. ರಾತ್ರಿಗೆ ಸಾವಿರಾರು ರೂಪಾಯಿಯ ಕೋಣೆ ಕಟ್ಟಲು ಹೊರಟವರಿಗೆ ಬಡವರ ನೆನಪು ಬರುವುದು ಮಿತಿಯ ಮಾತೆತ್ತಿದಾಗ ಮಾತ್ರ. ಲೆಕ್ಕ ಸರಳ. ಸಾವಿರ ಜನ ತಲೆಗೆ ನೂರು ರೂಪಾಯಿ ಕೊಟ್ಟರೂ ಒಂದು ಲಕ್ಷ, ಇನ್ನೂರು ಜನ ಐನೂರು ಕೊಟ್ಟರೂ ಒಂದು ಲಕ್ಷ. ಎರಡನೆಯ ಲೆಕ್ಕದಲ್ಲಿ ಕಲ್ಲು ಉಳಿಯುತ್ತದೆ. ಅದರ ಒಂದು ಪಾಲಿನಿಂದ ಜಿಲ್ಲೆಯ ಸರಕಾರಿ ಶಾಲೆಯ ಪ್ರತಿ ಮಗುವನ್ನೂ ಒಮ್ಮೆ ಪುಕ್ಕಟೆಯಾಗಿ, ಪಾಠ ಹೇಳುವವರ ಜೊತೆ ಅಲ್ಲಿಗೆ ಕರೆದೊಯ್ಯಬಹುದು. ಬಡವರ ಹಕ್ಕು ಎಂದರೆ ಇದು. ನೂಕುನುಗ್ಗಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಡಿಜೆ ಕೇಳಿ, ಏನನ್ನೂ ತಿಳಿಯದೆ ಮರಳುವ ಹಕ್ಕನ್ನು ಬಡವರ ಹಕ್ಕು ಎಂದು ಕರೆಯುವುದು ಬಡವರಿಗೆ ಮಾಡುವ ಅವಮಾನ.

ಇದು ಮಲ್ಪೆಯವರ ತಲೆನೋವು, ಬ್ರಹ್ಮಾವರದವರಿಗೇನು ಎಂದು ನಮ್ಮವರು ಕುಳಿತಿದ್ದಾರೆ. ಕೋಡಿ ಬೆಂಗ್ರೆಗೆ ಹೋಗಿ ನಿಲ್ಲಿ. ಸ್ವರ್ಣೆ, ಸೀತೆ ಎರಡೂ ಕೂಡಿ ಕಡಲಿಗೆ ಬೀಳುವ ಅಳಿವೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಕಿರಿದಾದ ನೆಲ, ಅದರ ಮೇಲೆ ಮೀನುಗಾರರ ಮನೆಗಳು. ರೀಲ್ಸಿನ ಕಣ್ಣು ಇದರ ಮೇಲೆ ಬಿದ್ದಾಗಿದೆ. ವಾರಾಂತ್ಯಕ್ಕೆ ಆ ಕಿರುದಾರಿಯಲ್ಲಿ ಕಾರುಗಳ ಸಾಲು, ದಂಡೆಯಲ್ಲಿ ಬಾಟಲಿ, ಒಣಮೀನು ಹಾಕುವ ಜಾಗದಲ್ಲಿ ಡ್ರೋನ್ ಹಾರಾಟ. ಮಲ್ಪೆಯಲ್ಲಿ ಗೆದ್ದ ಅಭಿಪ್ರಾಯ ಅಲ್ಲಿಗೇ ನಿಲ್ಲುವುದಿಲ್ಲ. ತೀರ ಹಿಡಿದು ಹೂಡೆ ದಾಟಿ ಬೆಂಗ್ರೆಗೆ, ಬೆಂಗ್ರೆಯಿಂದ ಕೋಡಿಗೆ, ಕೋಡಿಯಿಂದ ಗಂಗೊಳ್ಳಿ, ಮರವಂತೆಗೆ ಬರುತ್ತದೆ. ಕರ್ನಾಟಕದ ಕರಾವಳಿ ಇರುವುದೇ ಸುಮಾರು 320 ಕಿಲೋಮೀಟರ್. ಅದರಲ್ಲಿ ಬಂದರು, ನೌಕಾನೆಲೆ, ಉಷ್ಣವಿದ್ಯುತ್ ಸ್ಥಾವರಕ್ಕೆ ಕೊಟ್ಟು ಉಳಿದದ್ದನ್ನು ಸೆಲ್ಫಿ ಪಾಯಿಂಟಿಗೆ ಕೊಡಲು ಹೊರಟಿದ್ದೇವೆ.

ನಾವು ದಿನವೂ ಮೆಟ್ಟುವ ಕಲ್ಲಿನ ಬೆಲೆಯೂ ನಮಗೆ ಗೊತ್ತಿಲ್ಲ. ಬ್ರಹ್ಮಾವರದ ಹಳೆಯ ಮನೆಗಳ ಗೋಡೆ ಯಾವುದರದ್ದು? ಮುರಕಲ್ಲಿನದ್ದು. ಕೇರಳದವರು ಅಂಗಾಡಿಪುರಂನಲ್ಲಿ ಅದೇ ಮುರಕಲ್ಲಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಗೌರವ ಪಡೆದಿದ್ದಾರೆ. 1800ರ ದಶಕದ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಆ ಕಲ್ಲನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದ ಜಾಗ ಎಂಬ ಕಾರಣಕ್ಕೆ. ಅವರು ಸಾಮಾನ್ಯ ಕಲ್ಲನ್ನು ತಲೆಯ ಮೇಲೆ ಹೊತ್ತರು. ನಾವು ಅಸಾಮಾನ್ಯ ಕಲ್ಲನ್ನು ಕಾಲಡಿ ಹಾಕಿದೆವು.

ಆಗಬೇಕಾದದ್ದು ಏನೆಂದು ಒಂದೊಂದಾಗಿ ಹೇಳುತ್ತೇನೆ. ತೆಂಗಿನ ದ್ವೀಪಕ್ಕೆ ದಿನಕ್ಕೆ ಎಷ್ಟು ಜನ ಎಂಬ ಮಿತಿಯನ್ನು ಭೂವಿಜ್ಞಾನಿಗಳೂ ಕಡಲಜೀವಿ ತಜ್ಞರೂ ಮೊಗವೀರ ಹಿರಿಯರೂ ಕುಳಿತು ನಿರ್ಧರಿಸಲಿ, ಗುತ್ತಿಗೆದಾರರ ಕೂಟವಲ್ಲ. ಸುತ್ತಲಿನ ಉಳಿದ ದ್ವೀಪಗಳಿಗೆ ಪ್ರವಾಸಿ ಬೋಟು ಹೋಗುವುದೇ ಬೇಡ. ದ್ವೀಪದ ಮೇಲೆ ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಡಕೂಡದು. ಹೋಟೆಲು, ಶೌಚಾಲಯ, ವಸ್ತುಸಂಗ್ರಹಾಲಯ ಎಲ್ಲವೂ ಮಲ್ಪೆಯ ದಡದಲ್ಲಿರಲಿ. ಬೋಟು ಹತ್ತುವ ಮುನ್ನ ಹದಿನೈದು ನಿಮಿಷ ಕುಳಿತು ಈ ಕಲ್ಲಿನ ಕಥೆ ಕೇಳುವುದು ಕಡ್ಡಾಯವಾಗಲಿ. ಪೊಟ್ಟಣದ ತಿಂಡಿ, ಬಿಸಾಡುವ ಬಾಟಲಿ ದಡದಲ್ಲೇ ಉಳಿಯಲಿ. ಚಿಪ್ಪು, ಕಲ್ಲು ಹೆಕ್ಕಿ ತರುವುದು ಅಪರಾಧವಾಗಲಿ. ವಾರಕ್ಕೊಂದು ದಿನವಾದರೂ ದ್ವೀಪಕ್ಕೆ ರಜೆ ಇರಲಿ. ಮಲ್ಪೆ, ಹೂಡೆ, ಬೆಂಗ್ರೆ, ಹಂಗಾರಕಟ್ಟೆಯ ಯುವಕ ಯುವತಿಯರಿಗೆ ಭೂವಿಜ್ಞಾನದ, ಪ್ರಾಣರಕ್ಷಣೆಯ ತರಬೇತಿ ಕೊಟ್ಟು ಪರವಾನಿಗೆ ಪಡೆದ ಮಾರ್ಗದರ್ಶಿಗಳನ್ನಾಗಿ ಮಾಡಿ, ಅವರಿಲ್ಲದೆ ಒಂದು ತಂಡವೂ ಬಂಡೆಯ ಬಳಿ ಹೋಗದಿರಲಿ. ಊರು ಬಿಡುವ ಹುಡುಗರ ಬಗ್ಗೆ ಕಾಳಜಿಯಿದ್ದವರು ಈ ಕೆಲಸ ಕೊಡಿಸಲಿ, ಸಂಬಳವೂ ಮರ್ಯಾದೆಯೂ ಎರಡೂ ಇರುವ ಕೆಲಸ ಇದು.

ಮತ್ತೆ ಕಾನೂನು. ಭೂಪರಂಪರೆಯ ಮಸೂದೆ ಸಂಸತ್ತಿಗೆ ಬರಬೇಕು, ಸ್ಥಳೀಯರಿಗೆ ಅದರಲ್ಲಿ ಅಧಿಕಾರದ ಪಾಲಿರಬೇಕು. ನಮ್ಮ ಸಂಸದರು, ಶಾಸಕರು ಮುಂದಿನ ಸಲ ಬ್ರಹ್ಮಾವರದ ವೇದಿಕೆ ಹತ್ತಿದಾಗ ಅವರನ್ನು ಕೇಳಬೇಕಾದ ಪ್ರಶ್ನೆ ಇದೊಂದೇ: ಆ ಮಸೂದೆಗಾಗಿ ನೀವು ಏನು ಮಾಡಿದಿರಿ? ಕೋಡಿ ಬೆಂಗ್ರೆಯಿಂದ ಮರವಂತೆವರೆಗಿನ ಪ್ರತಿ ಗ್ರಾಮ ಪಂಚಾಯತಿಯ ಗ್ರಾಮಸಭೆಯಲ್ಲಿ ಗೊತ್ತುವಳಿ ಆಗಲಿ: ದ್ವೀಪದಲ್ಲಿ ನಿರ್ಮಾಣ ಬೇಡ, ಅಳಿವೆಯಲ್ಲಿ ಜಾತ್ರೆ ಬೇಡ, ಮಿತಿ ಬೇಕು, ಕಾನೂನು ಬೇಕು. ಪ್ರತಿ ಪ್ರೌಢಶಾಲೆಯ ವಿಜ್ಞಾನ ಅಧ್ಯಾಪಕರು ಜ್ವಾಲಾಮುಖಿಯ ಪಾಠವನ್ನು ಮಲ್ಪೆಯಿಂದ ಶುರುಮಾಡಲಿ, ಇಟಲಿಗೆ ಆಮೇಲೆ ಹೋಗಲಿ. ಅತಿಥಿ ಮಹಾಶಯರು ಮಾಲ್ದೀವ್ಸ್ ಎಂದಾಗ ಚಪ್ಪಾಳೆ ತಟ್ಟುವ ಕೈಗಳು ಇನ್ನು ತಟ್ಟುವುದನ್ನು ನಿಲ್ಲಿಸಿ, ಎದ್ದು ನಿಂತು ಪ್ರಶ್ನೆ ಕೇಳಲಿ. ಉತ್ತರ ಕೊಡಲಾಗದವರಿಗೆ ನಮ್ಮ ಕಡಲಿನ ಬಗ್ಗೆ ತೀರ್ಮಾನ ಮಾಡುವ ಹಕ್ಕಿಲ್ಲ, ನಮ್ಮ ಮತವೂ ಇಲ್ಲ.